ಮೊಣಕಾಲಿಗೆ ಹಳೆ ಮಾಡೆಲ್ ಸಾಕಾ, ಹೊಸದೇ ಬೇಕಾ?

ನಮ್ಮ ಗುಂಪಿನ ವಾರದ ಪ್ರಶ್ನೋತ್ತರ, ಈ ಸಲ ಮೊಣಕಾಲು ಬದಲಿಸುವ ಆಪರೇಷನ್ ಬಗ್ಗೆ. ಈ ವಾರ ಉತ್ತರಿಸುವವರು ಕಲಬುರಗಿಯ ಒಬ್ಬ ಎಲುಬು-ಕೀಲು ಡಾಕ್ಟರ್.

ಪ್ರಶ್ನೆ, ಬೀದರ್‌ನ ಸದಸ್ಯರಿಂದ:

ನಮಸ್ಕಾರ ಡಾಕ್ಟ್ರೇ. ನಮ್ಮ ಅಪ್ಪನಿಗೆ 66 ವರ್ಷ. ಬಿದ್ರಿ ಕೆಲಸ (ಲೋಹದಲ್ಲಿ ಗೀರು ಕೆತ್ತಿ ಬೆಳ್ಳಿ ತಂತಿ ಕೂರಿಸುವುದು) ಮಾಡುತ್ತಾ ನಲವತ್ತು ವರ್ಷ ನೆಲದ ಮೇಲೆ ಕೂತವರು. ಎರಡೂ ಮೊಣಕಾಲು ಸವೆದಿವೆ. ಬಲಗಾಲು ಬಿಲ್ಲಿನ ಹಾಗೆ ಬಾಗಿದೆ. ಮಾತ್ರೆ, ಎಣ್ಣೆ, ಇಂಜೆಕ್ಷನ್ ಎಲ್ಲಾ ಮುಗಿಯಿತು. ಈಗ ರಾತ್ರಿ ನಿದ್ದೆ ಇಲ್ಲ. ಇಲ್ಲಿನ ಡಾಕ್ಟರ್ ಸಾದಾ ಜಾಯಿಂಟ್ ಹಾಕುತ್ತೇನೆ ಅಂದರು. ಹೈದರಾಬಾದ್‌ನ ಒಂದು ಆಸ್ಪತ್ರೆಗೆ ಹೋದರೆ, "ಅದು 1970ರ ಕಾಲದ ಡಿಸೈನ್, ಈಗ ಯಾರು ಹಾಕಿಸುತ್ತಾರೆ? ನಾವು ಗೋಲ್ಡ್ ಜಾಯಿಂಟ್ ಹಾಕುತ್ತೇವೆ, 30 ವರ್ಷ ಗ್ಯಾರಂಟಿ" ಅಂದರು. ಎರಡೂ ಕಡೆ ಹೇಳಿದ ಖರ್ಚಿನಲ್ಲಿ ಎರಡು ಲಕ್ಷ ವ್ಯತ್ಯಾಸ ಇದೆ. ಒಂದು ಎಕರೆ ಮಾರೋಣ ಅಂತಾನೆ ನಮ್ಮ ತಮ್ಮ. ಅಪ್ಪ ಬಿಲ್ಕುಲ್ ಬೇಡ ಅನ್ನುತ್ತಾರೆ. ಹಳೆ ಮಾಡೆಲ್‌ಗೂ ಹೊಸದಕ್ಕೂ ನಿಜವಾಗಿ ಏನು ವ್ಯತ್ಯಾಸ?

ಡಾಕ್ಟರ್ ಉತ್ತರ:

ನಮಸ್ಕಾರ್ರಿ. ಹೊಲ ಮಾರಬೇಡಿ. ಅಪ್ಪನವರ ಮಾತೇ ಸರಿ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಇದೇ ಪ್ರಶ್ನೆ ಹಿಡಿದು, ಇದೇ ಚಿಂತೆಯಲ್ಲಿ, ಎಷ್ಟೋ ಮನೆಯವರು ನನ್ನ ಮುಂದೆ ಬಂದು ಕೂರುತ್ತಾರೆ.

ಮೊದಲು ಆಪರೇಷನ್‌ನಲ್ಲಿ ಬದಲಾಗುವುದು ಏನು ಅಂತ ನೋಡೋಣ. ನಮ್ಮ ಕಡೆ ಎಲ್ಲರೂ "ಚಿಪ್ಪು ಬದಲಿಸಿದರು" ಅನ್ನುತ್ತಾರೆ. ಆದರೆ ಚಿಪ್ಪು ಅಲ್ಲೇ ಇರುತ್ತದೆ. ಬೇಕಾದರೆ ಅದರ ಹಿಂಬದಿಗೆ ಒಂದು ಪ್ಲಾಸ್ಟಿಕ್ ಗುಂಡಿ ಕೂರಿಸುತ್ತೇವೆ, ಎಷ್ಟೋ ಸಲ ಅದೂ ಇಲ್ಲ. ತೊಡೆ ಎಲುಬಿನ ತುದಿಯಲ್ಲಿ ಸವೆದ ಭಾಗವನ್ನು ಸುಮಾರು 9 ಮಿಲಿಮೀಟರ್ ಕೊಯ್ದು, ಅದರ ಮೇಲೆ ಕೋಬಾಲ್ಟ್-ಕ್ರೋಮ್ ಲೋಹದ ಟೊಪ್ಪಿಗೆ ಹಾಕುತ್ತೇವೆ. ಕೆಳಗಿನ ಎಲುಬಿನ ತಲೆಯ ಮೇಲೆ ಲೋಹದ ಒಂದು ತಟ್ಟೆ. ಎರಡರ ನಡುವೆ ಗಟ್ಟಿಯಾದ ಪ್ಲಾಸ್ಟಿಕ್ ತುಂಡು. ಲೋಹವನ್ನು ಎಲುಬಿಗೆ ಹಿಡಿದಿಡುವುದು ಒಂದು ಬಗೆಯ ಸಿಮೆಂಟ್. ಹಳೆಯದಿರಲಿ, ಹೊಸದಿರಲಿ, ಈ ಮೂಲ ಜೋಡಣೆ ಒಂದೇ.

ಈಗ ಹಳೆಯದು ಅಂದರೆ ಎಷ್ಟು ಹಳೆಯದು? 1950ರ ದಶಕದಲ್ಲಿ ಬಂದವು ನಿಜವಾದ ಹಳೆ ಮಾಡೆಲ್‌ಗಳು. ಅವು ಬಾಗಿಲಿನ ಬಿಜಾಗರಿ ಇದ್ದ ಹಾಗೆ ಇದ್ದವು. ಒಂದೇ ಕಡೆ ಮಡಚುತ್ತಿದ್ದವು. ಆದರೆ ಮೊಣಕಾಲು ಬಿಜಾಗರಿ ಅಲ್ಲ. ಅದು ಮಡಚುವಾಗ ಉರುಳುತ್ತದೆ, ಸ್ವಲ್ಪ ಜಾರುತ್ತದೆ, ಸ್ವಲ್ಪ ತಿರುಗುತ್ತದೆ. ಬಿಜಾಗರಿಗೆ ತಿರುಗಲು ಬರುವುದಿಲ್ಲ. ಹಾಗಾಗಿ ತಿರುಗುವ ಎಳೆತವೆಲ್ಲ ಲೋಹವೂ ಎಲುಬೂ ಸೇರುವ ಜಾಗಕ್ಕೆ ಬೀಳುತ್ತಿತ್ತು, ಕೆಲವೇ ವರ್ಷದಲ್ಲಿ ಸಡಿಲ ಆಗುತ್ತಿತ್ತು. 1971ರಲ್ಲಿ ಫ್ರಾಂಕ್ ಗನ್‌ಸ್ಟನ್ ಎಂಬ ಡಾಕ್ಟರ್ ಈ ಉರುಳುವ-ಜಾರುವ ಚಲನೆಗೆ ಹೊಂದುವ ಜಾಯಿಂಟ್ ಮಾಡಿ ಪ್ರಕಟಿಸಿದರು. ದಾರಿ ಬದಲಾದದ್ದು ಅಲ್ಲಿಂದ.

ಹೈದರಾಬಾದ್‌ನವರು "1970ರ ಡಿಸೈನ್" ಅಂದದ್ದು ಇದಾದ ಮೇಲೆ ಬಂದದ್ದನ್ನು. 1974ರಲ್ಲಿ ನ್ಯೂಯಾರ್ಕ್‌ನಲ್ಲಿ ಜಾನ್ ಇನ್‌ಸಾಲ್, ಚಿತ್ತರಂಜನ್ ರಾಣಾವತ್, ಪೀಟರ್ ವಾಕರ್ ಸೇರಿ 'ಟೋಟಲ್ ಕಾಂಡೈಲಾರ್' ಎಂಬ ಜಾಯಿಂಟ್ ಬಳಕೆಗೆ ತಂದರು. ರಾಣಾವತ್ ನಮ್ಮ ದೇಶದಿಂದಲೇ ಹೋದವರು. 2000ದಲ್ಲಿ ಮತ್ತು 2001ರಲ್ಲಿ ಮುಂಬೈಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಪ್ರಧಾನಿ ವಾಜಪೇಯಿಯವರ ಮೊಣಕಾಲುಗಳಿಗೆ ಆಪರೇಷನ್ ಮಾಡಿದವರು ಅವರೇ. 1978ರಲ್ಲಿ ಇನ್‌ಸಾಲ್ ಮತ್ತು ಬರ್ಸ್ಟೀನ್ ಆ ಪ್ಲಾಸ್ಟಿಕ್‌ನ ನಡುವೆ ಒಂದು ಗೂಟ ಇಟ್ಟರು. ಮೊಣಕಾಲಿನ ಒಳಗೆ ಹಿಂಬದಿಯಲ್ಲಿ ಎಲುಬಿಗೆ ಎಲುಬನ್ನು ಬಿಗಿದಿಡುವ ಒಂದು ಕಟ್ಟು (ಲಿಗಮೆಂಟ್) ಇರುತ್ತದೆ. ಆ ಕಟ್ಟನ್ನು ತೆಗೆದಾಗ ಅದರ ಕೆಲಸವನ್ನು ಈ ಗೂಟ ಮಾಡುತ್ತದೆ. ಇವತ್ತು ಅಂಗಡಿಯ ಹೊಸ ಹೆಸರಿನಲ್ಲಿ ಬರುವ ಹೆಚ್ಚಿನ ಜಾಯಿಂಟ್‌ಗಳು ಇದೇ ಮನೆತನದವು. ಹಳೆಯದು ಅಂತ ಬಿಟ್ಟುಹೋದ ಡಿಸೈನ್ ಅಲ್ಲ ಇದು. ಬೇರು ಇದೇ.

ಹಾಗಾದರೆ ಈ ಐವತ್ತು ವರ್ಷದಲ್ಲಿ ಏನೂ ಸುಧಾರಿಸಲಿಲ್ಲವಾ? ಸುಧಾರಿಸಿದೆ. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ಸುಧಾರಣೆ ಆದದ್ದು ಯಾರೂ ಜಾಹೀರಾತು ಕೊಡದ ಕಡೆ. ಆ ಪ್ಲಾಸ್ಟಿಕ್‌ನಲ್ಲಿ.

ಮೊದಲು ಪ್ಲಾಸ್ಟಿಕ್ ತುಂಡನ್ನು ಗಾಳಿ ಇರುವ ಪೊಟ್ಟಣದಲ್ಲೇ ಇಟ್ಟು ಗಾಮಾ ಕಿರಣ ಹಾಯಿಸಿ ಕ್ರಿಮಿ ಇಲ್ಲದ ಹಾಗೆ ಮಾಡುತ್ತಿದ್ದರು. ಕಿರಣ ಬಿದ್ದ ಪ್ಲಾಸ್ಟಿಕ್ ಗಾಳಿಯ ಆಮ್ಲಜನಕದ ಜೊತೆ ಸೇರಿ ಒಳಗೊಳಗೇ ಮುಪ್ಪಾಗುತ್ತಿತ್ತು. ಕಪಾಟಿನಲ್ಲಿ ಇಟ್ಟಲ್ಲೇ ಪೆಡಸಾಗುತ್ತಿತ್ತು. ಅದನ್ನು ಮೊಣಕಾಲಿಗೆ ಹಾಕಿದರೆ ಬೇಗ ಪದರ ಪದರವಾಗಿ ಏಳುತ್ತಿತ್ತು. 1990ರ ದಶಕದಲ್ಲಿ ಇದು ತಿಳಿದ ಮೇಲೆ ಗಾಳಿ ತೆಗೆದ ಪೊಟ್ಟಣ ಬಂತು. ಆಮೇಲೆ ಕ್ರಾಸ್‌ಲಿಂಕ್ ಪ್ಲಾಸ್ಟಿಕ್, ಅಂದರೆ ಸವೆತ ಕಡಿಮೆ ಆಗಲಿ ಅಂತ ಒಳಗಿನ ಎಳೆಗಳನ್ನು ಒಂದಕ್ಕೊಂದು ಬೆಸೆದದ್ದು ಬಂತು, ಅದಕ್ಕೆ ವಿಟಮಿನ್ ಇ ಬೆರೆಸಿದ್ದೂ ಬಂತು. ಸೊಂಟದ ಜಾಯಿಂಟ್‌ನಲ್ಲಿ ಕ್ರಾಸ್‌ಲಿಂಕ್‌ನ ಲಾಭ ಎದ್ದು ಕಾಣುತ್ತದೆ. ಮೊಣಕಾಲಿನಲ್ಲಿ ಅಷ್ಟು ದೊಡ್ಡದಾಗಿ ಕಂಡಿಲ್ಲ. ಆದರೆ ಗಾಳಿಯಲ್ಲಿ ಮುಪ್ಪಾದ ಆ ಪ್ಲಾಸ್ಟಿಕ್‌ನ ಕಾಲ ಮುಗಿದಿದೆ. ಈಗ ನೀವು ಬೀದರ್‌ನಲ್ಲಿ ಸಾದಾ ಜಾಯಿಂಟ್ ಹಾಕಿಸಿದರೂ ಅದರ ರೂಪ ಹಳೆಯದು, ಪ್ಲಾಸ್ಟಿಕ್ ಹೊಸ ಕಾಲದ್ದು.

ಎರಡನೆಯ ಸುಧಾರಣೆ ಸೈಜು. ಮೊದಲು ಅಮೆರಿಕ, ಯುರೋಪಿನವರ ಎಲುಬಿನ ಅಳತೆಗೆ ಕೆಲವೇ ಸೈಜು ಬರುತ್ತಿದ್ದವು. ನಮ್ಮ ಹೆಣ್ಣುಮಕ್ಕಳ ಎಲುಬು ಚಿಕ್ಕದು, ಅಗಲ ಕಡಿಮೆ. ಲೋಹ ಎಲುಬಿನ ಅಂಚಿನಿಂದ ಹೊರಗೆ ಚಾಚಿದರೆ ಸುತ್ತಲಿನ ಮಾಂಸಕ್ಕೆ ಉಜ್ಜುತ್ತದೆ, ನೋವು ಹೋಗುವುದೇ ಇಲ್ಲ. ಈಗ ಸಣ್ಣ ಸೈಜು, ಕಿರಿದಾದ ಸೈಜು ಎಲ್ಲಾ ಸಿಗುತ್ತವೆ. ಇದು ನಿಜಕ್ಕೂ ಉಪಕಾರ.

ಈಗ ಗೋಲ್ಡ್. ಅದರಲ್ಲಿ ಬಂಗಾರ ಇಲ್ಲ. ಲೋಹದ ಮೇಲೆ ಟೈಟೇನಿಯಂ ನೈಟ್ರೈಡ್ ಥರದ ತೆಳು ಲೇಪ, ಅದರ ಬಣ್ಣ ಹಳದಿ. ನಿಕಲ್ ಲೋಹ ಒಗ್ಗದವರಿಗೆ ಇಂಥ ಲೇಪದ ಜಾಯಿಂಟ್ ಬಳಸಲು ಕಾರಣ ಇದೆ. ಕಿವಿಯೋಲೆ, ಗಡಿಯಾರದ ಬೆಲ್ಟ್ ಹಾಕಿದರೆ ಚರ್ಮ ಕೆರೆದು ಗುಳ್ಳೆ ಏಳುತ್ತದಾ ಅಂತ ಅಪ್ಪನವರನ್ನು ಕೇಳಿ. ಏಳುವುದಿಲ್ಲ ಅಂದರೆ ಈ ಲೇಪದಿಂದ ಜಾಯಿಂಟ್ ಜಾಸ್ತಿ ವರ್ಷ ಬಾಳುತ್ತದೆ ಎಂಬುದು ಮನುಷ್ಯರ ಮೇಲೆ ಸಾಬೀತಾಗಿಲ್ಲ. ಮೂವತ್ತು ವರ್ಷ ಅನ್ನುವುದು ಮಷೀನಿನಲ್ಲಿ ಜಾಯಿಂಟ್ ಇಟ್ಟು ಲಕ್ಷಗಟ್ಟಲೆ ಸಲ ಮಡಚಿಸಿ ತೆಗೆದ ಅಂದಾಜು. ಮಷೀನ್ ಎಡವಿ ಬೀಳುವುದಿಲ್ಲ, ಅದಕ್ಕೆ ಸಕ್ಕರೆ ಕಾಯಿಲೆ ಬರುವುದಿಲ್ಲ, ಅದರ ಎಲುಬು ಸೊರಗುವುದಿಲ್ಲ.

ಮನುಷ್ಯರ ಲೆಕ್ಕ ಬೇಕಾದರೆ ಅದೂ ಇದೆ. 2019ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬೇರೆ ಬೇರೆ ದೇಶಗಳ ದಾಖಲೆ ಒಟ್ಟು ಮಾಡಿ ನೋಡಿದರು. ಪೂರ್ತಿ ಮೊಣಕಾಲು ಬದಲಿಸಿದವರಲ್ಲಿ 25 ವರ್ಷದ ಮೇಲೂ ನೂರಕ್ಕೆ 82 ಜಾಯಿಂಟ್ ಗಟ್ಟಿಯಾಗಿದ್ದವು. ಈ 82 ಯಾವ ಮಾಡೆಲ್‌ನವು ಯೋಚಿಸಿ. 25 ವರ್ಷ ತುಂಬಬೇಕಾದರೆ 1990ರ ದಶಕದಲ್ಲೋ ಅದಕ್ಕೂ ಮೊದಲೋ ಹಾಕಿರಬೇಕು ಅಲ್ವಾ? ಅಂದರೆ ನಿಮ್ಮನ್ನು ಹೆದರಿಸಲು ಬಳಸಿದ ಅದೇ ಹಳೆ ಮನೆತನದವು. ಹೋದ ವರ್ಷ ಬಂದ ಡಿಸೈನ್‌ಗೆ 25 ವರ್ಷದ ಲೆಕ್ಕ ಯಾರ ಹತ್ತಿರವೂ ಇರಲು ಸಾಧ್ಯವಿಲ್ಲ.

ಹಣದ ವಿಷಯ. 2017ರ ಆಗಸ್ಟ್‌ನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಮೊಣಕಾಲಿನ ಜಾಯಿಂಟ್‌ಗಳಿಗೆ ಗರಿಷ್ಠ ಬೆಲೆ ಕಟ್ಟಿತು. ಅದಕ್ಕೆ ಮೊದಲು ಸಾದಾ ಕೋಬಾಲ್ಟ್-ಕ್ರೋಮ್ ಜಾಯಿಂಟ್‌ಗೆ ಸರಾಸರಿ 1,58,000 ರೂಪಾಯಿ ಇತ್ತು. ಅದು 54,720ಕ್ಕೆ ಇಳಿಯಿತು. ಟೈಟೇನಿಯಂ ಮತ್ತು ಆಕ್ಸಿಡೈಸ್ಡ್ ಜಿರ್ಕೋನಿಯಂ ಎಂಬ ವಿಶೇಷ ಲೋಹದವಕ್ಕೆ 76,600 ಆಯಿತು. ಜಿಎಸ್‌ಟಿ ಬೇರೆ. ಇವು ಆ ವರ್ಷದ ಅಂಕಿಗಳು, ಈಗಿನದನ್ನು ಕೇಳಿಕೊಳ್ಳಿ. ಆದರೆ ಸಾದಾಕ್ಕೂ ವಿಶೇಷಕ್ಕೂ ಅಂತರ 22 ಸಾವಿರದ ಒಳಗೇ ಇತ್ತು ನೋಡ್ರಿ. ನಿಮಗೆ ಹೇಳಿದ ಎರಡು ಲಕ್ಷದ ವ್ಯತ್ಯಾಸ ಜಾಯಿಂಟ್‌ನದ್ದು ಹೇಗಾಗುತ್ತದೆ? ಕೋಣೆ, ಥಿಯೇಟರ್, ಪ್ಯಾಕೇಜ್ ಇವುಗಳದ್ದು ಇರಬೇಕು. ಜಾಯಿಂಟ್‌ಗೆ ಎಷ್ಟು, ಉಳಿದದ್ದಕ್ಕೆ ಎಷ್ಟು ಅಂತ ಬೇರೆ ಬೇರೆ ಬರೆಸಿಕೊಳ್ಳಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಯಾವ ಆಸ್ಪತ್ರೆಯಲ್ಲಿ ಈ ಆಪರೇಷನ್ ಸೇರಿದೆ ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನು ವಿಚಾರಿಸಿ.

ಕೊನೆಗೆ ನಿಮ್ಮ ಅಪ್ಪನವರಿಗೆ ಅವರದ್ದೇ ಕೆಲಸದ ಮಾತು ಹೇಳಿ. ಬೆಳ್ಳಿ ತಂತಿ ಎಷ್ಟು ಚೊಕ್ಕ ಇದ್ದರೂ ಕೆತ್ತಿದ ಗೀರು ಸರಿ ಇಲ್ಲದಿದ್ದರೆ ಅದು ಕೂರುತ್ತದಾ? ಇಲ್ಲೂ ಹಾಗೇ. ಎಲುಬನ್ನು ಎಷ್ಟು ನೇರಕ್ಕೆ ಕೊಯ್ದರು, ಬಾಗಿದ ಕಾಲಿನ ಒಳಬದಿಯ ಬಿಗಿದ ಕಟ್ಟುಗಳನ್ನು ಎಷ್ಟು ಹದವಾಗಿ ಸಡಿಲಿಸಿದರು, ಅದರ ಮೇಲೆ ನಿಂತಿದೆ. ಬೀದರ್‌ನ ಆ ಡಾಕ್ಟರ್ ವರ್ಷಕ್ಕೆ ಎಷ್ಟು ಮೊಣಕಾಲು ಮಾಡುತ್ತಾರೆ, ಯಾವ ಜಾಯಿಂಟ್ ಅವರ ಕೈಗೆ ಪಳಗಿದೆ ಅಂತ ಕೇಳಿ. ಕೇಳಿದರೆ ಒಳ್ಳೆಯ ಡಾಕ್ಟರ್‌ಗೆ ಬೇಜಾರಾಗುವುದಿಲ್ಲ.

ಪ್ರಶ್ನೆ, ಕಲಬುರಗಿ ರೋಜಾ ಕಡೆಯ ಸದಸ್ಯೆಯಿಂದ:

ಸಲಾಂ ಡಾಕ್ಟರ್ ಸಾಬ್. ನಮ್ಮ ಅಮ್ಮಿಗೆ 63. ಅವರಿಗೆ ಇರುವುದು ಒಂದೇ ಆಸೆ, ನೆಲದ ಮೇಲೆ ಕೂತು ನಮಾಜ್ ಮಾಡಬೇಕು. ಸಾದಾ ಜಾಯಿಂಟ್‌ನಲ್ಲಿ ಅದು ಆಗುವುದಿಲ್ಲ, ಹೈ-ಫ್ಲೆಕ್ಸ್ ಹಾಕಿಸಿದರೆ ಪೂರ್ತಿ ಮಡಚಬಹುದು ಅಂತ ಒಬ್ಬರು ಹೇಳಿದರು. ನಿಜಾನಾ?

ಡಾಕ್ಟರ್ ಉತ್ತರ:

ಸಲಾಂ ತಂಗಿ. ಅಮ್ಮಿಯ ಆಸೆ ನನಗೆ ಅರ್ಥ ಆಗುತ್ತದೆ. ಇಷ್ಟಲಿಂಗ ಪೂಜೆಗೆ ಚಕ್ಕಂಬಕ್ಕಳ ಹಾಕಿ ಕೂರಬೇಕು ಅನ್ನುವ ತಾಯಂದಿರೂ ಇದನ್ನೇ ಕೇಳುತ್ತಾರೆ. ನಮ್ಮ ಬದುಕೇ ನೆಲದ ಮೇಲೆ. ಪಶ್ಚಿಮದ ದೇಶದಲ್ಲಿ ಕುರ್ಚಿಯ ಮೇಲೆ ಬದುಕುವವರಿಗೆ ಮಾಡಿದ ಜಾಯಿಂಟ್ ನಮಗೆ ಸಾಲದು ಅನ್ನಿಸುವುದು ಸಹಜ. ಹೈ-ಫ್ಲೆಕ್ಸ್ ಡಿಸೈನ್ ಹುಟ್ಟಿದ್ದೂ ಇದೇ ಬೇಡಿಕೆಯಿಂದ.

ಸಾದಾ ಜಾಯಿಂಟ್ ಹಾಕಿದವರು ಸಾಮಾನ್ಯವಾಗಿ 110ರಿಂದ 125 ಡಿಗ್ರಿಯವರೆಗೆ ಮಡಚುತ್ತಾರೆ. ಮೆಟ್ಟಿಲು, ಕುರ್ಚಿ, ಬಸ್ಸು, ಇವಕ್ಕೆಲ್ಲ ಅದು ಸಾಕು. ನಮಾಜ್‌ನಲ್ಲಿ ಹಿಮ್ಮಡಿಯ ಮೇಲೆ ಕೂರಲು 150ರ ಹತ್ತಿರ ಬೇಕು. ಹೈ-ಫ್ಲೆಕ್ಸ್‌ನಲ್ಲಿ ತೊಡೆ ಎಲುಬಿನ ಹಿಂಬದಿಯಿಂದ ಸುಮಾರು 2 ಮಿಲಿಮೀಟರ್ ಜಾಸ್ತಿ ಕೊಯ್ದು, ಲೋಹದ ಹಿಂಬದಿಯನ್ನು ದಪ್ಪಗೆ, ಗುಂಡಗೆ ಮಾಡುತ್ತಾರೆ. ಕಾಗದದ ಮೇಲೆ ಅದು 155ರವರೆಗೆ ಮಡಚಬಲ್ಲದು. ಆದರೆ ಎರಡನ್ನೂ ಜನರಿಗೆ ಹಾಕಿ ಹೋಲಿಸಿ ನೋಡಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆಪರೇಷನ್‌ಗೆ ಮೊದಲು ಕಾಲು ಎಷ್ಟು ಮಡಚುತ್ತಿತ್ತು ಎಂಬುದೇ ಆಮೇಲೆ ಎಷ್ಟು ಮಡಚುತ್ತದೆ ಎಂಬುದನ್ನು ಹೆಚ್ಚಾಗಿ ತೀರ್ಮಾನಿಸುತ್ತದೆ. ಅಮ್ಮಿಯ ಕಾಲು ಈಗಲೇ 90ಕ್ಕೆ ನಿಂತಿದ್ದರೆ ಯಾವ ಜಾಯಿಂಟ್ ಹಾಕಿದರೂ ಅದು 150ಕ್ಕೆ ಹೋಗುವುದಿಲ್ಲ.

ಇನ್ನೊಂದು ಮಾತು, ಇದನ್ನು ಮುಚ್ಚಿಡಬಾರದು. ಕೊರಿಯಾದವರೂ ನಮ್ಮ ಹಾಗೆ ನೆಲದ ಮೇಲೆ ಕೂರುವ ಜನ. ಅಲ್ಲಿಂದ 2007ರಲ್ಲಿ ಒಂದು ವರದಿ ಬಂತು. ಒಂದು ಹೈ-ಫ್ಲೆಕ್ಸ್ ಜಾಯಿಂಟ್ ಹಾಕಿದ 72 ಮೊಣಕಾಲುಗಳಲ್ಲಿ ನೂರಕ್ಕೆ 38ರಷ್ಟರಲ್ಲಿ ತೊಡೆ ಕಡೆಯ ಲೋಹ ಕೆಲವೇ ವರ್ಷದಲ್ಲಿ ಸಡಿಲ ಆಗಿತ್ತು. ಕುಕ್ಕರಗಾಲಲ್ಲಿ, ಮೊಣಕಾಲೂರಿ ಕೂರುತ್ತಿದ್ದವರಲ್ಲೇ ಅದು ಜಾಸ್ತಿ. ಎಲ್ಲಾ ಕಡೆ ಹಾಗಾಗಿಲ್ಲ, ಬೇರೆಯವರ ಫಲಿತಾಂಶ ಚೆನ್ನಾಗಿಯೂ ಬಂದಿವೆ. ಆದರೆ ಆಳವಾಗಿ ಮಡಚಿದಾಗ ಬೀಳುವ ಒತ್ತಡ ಎಷ್ಟು ಎಂಬುದು ಅದರಿಂದ ಗೊತ್ತಾಗುತ್ತದೆ.

ಹಾಗಾಗಿ ನನ್ನ ಸಲಹೆ: ಅಮ್ಮಿ ಕುರ್ಚಿಯ ಮೇಲೆ ಕೂತು ನಮಾಜ್ ಮಾಡಲಿ. ಕಾಯಿಲೆ ಇದ್ದವರಿಗೆ ಧರ್ಮದಲ್ಲೇ ಅದಕ್ಕೆ ಅವಕಾಶ ಇದೆ, ನಿಮ್ಮ ಇಮಾಮ್ ಸಾಹೇಬರನ್ನು ಕೇಳಿದರೆ ಹೇಳುತ್ತಾರೆ. ಆಪರೇಷನ್‌ಗೆ ಮೊದಲೇ ಈ ಮಾತು ಮನೆಯಲ್ಲಿ ಆಗಿಬಿಡಲಿ. ಆಮೇಲೆ ತಿಳಿದು ಕಣ್ಣೀರು ಹಾಕಿದ ತಾಯಂದಿರನ್ನು ನೋಡಿದ್ದೇನೆ. ಕಾಲು ಚೆನ್ನಾಗಿ ನಡೆಯುತ್ತಿರುತ್ತದೆ, ಮನಸ್ಸು ಮಾತ್ರ ಮುರಿದಿರುತ್ತದೆ.

ಪ್ರಶ್ನೆ, ಸೇಡಂನ ಸದಸ್ಯರಿಂದ:

ಡಾಕ್ಟ್ರೇ, ನಮ್ಮ ಅವ್ವನಿಗೆ 58. ತೊಗರಿ ಹೊಲದಲ್ಲಿ ದುಡಿದವಳು, ಈಗಲೂ ಒಲೆ ಮುಂದೆ ಕೂತು ರೊಟ್ಟಿ ಬಡಿಯುತ್ತಾಳೆ. ಎಡಗಾಲಿನ ಒಳಬದಿ ಮಾತ್ರ ಸವೆದಿದೆ ಅಂದಿದ್ದಾರೆ. ರೋಬೋ ಆಪರೇಷನ್ ಮಾಡಿಸಿ, ಕೈಯಿಂದ ಮಾಡುವುದು ಹಳೆಯದಾಯಿತು ಅಂತ ಸೋಲಾಪುರದ ಒಂದು ಆಸ್ಪತ್ರೆಯಲ್ಲಿ ಹೇಳಿದರು. ಅರ್ಧ ಮೊಣಕಾಲು ಅಂತಲೂ ಒಂದಿದೆಯಂತೆ. ಯಾವುದಕ್ಕೆ ಹೋಗಲಿ?

ಡಾಕ್ಟರ್ ಉತ್ತರ:

ರೋಬೋ ಜಾಯಿಂಟ್ ಅಲ್ಲ, ಉಪಕರಣ. ರೋಬೋದಿಂದ ಹಾಕುವುದೂ ಅದೇ ಲೋಹ, ಅದೇ ಪ್ಲಾಸ್ಟಿಕ್. ಅದು ತಾನೇ ಆಪರೇಷನ್ ಮಾಡುವುದೂ ಇಲ್ಲ. ಎಲುಬಿನ ಅಳತೆ ತೆಗೆದು, ಗರಗಸ ಗೆರೆ ದಾಟದ ಹಾಗೆ ಡಾಕ್ಟರ್ ಕೈಗೆ ಆಸರೆ ಕೊಡುತ್ತದೆ. ಕೊಯ್ತ ಹೆಚ್ಚು ಕರಾರುವಾಕ್ಕಾಗಿ ಬರುತ್ತದೆ, ಅದು ನಿಜ. ಆದರೆ ಆಪರೇಷನ್ ಆದವರ ನೋವು, ನಡಿಗೆ, ಸಮಾಧಾನ ಇವನ್ನು ಹೋಲಿಸಿದಾಗ ಪಳಗಿದ ಕೈಗೂ ರೋಬೋಗೂ ದೊಡ್ಡ ಅಂತರ ಸಿಕ್ಕಿಲ್ಲ. ರೋಬೋ ಇದ್ದರೆ ಬೇಡ ಅನ್ನಬೇಡಿ. ಅದೊಂದಕ್ಕೇ ಸಾಲ ಮಾಡಬೇಡಿ.

ಅವ್ವನ ವಿಷಯದಲ್ಲಿ ನನಗೆ ಹೆಚ್ಚು ಮುಖ್ಯ ಅನ್ನಿಸುವುದು ಆ ಅರ್ಧ ಮೊಣಕಾಲಿನ ಪ್ರಶ್ನೆ. ಒಳಬದಿ ಮಾತ್ರ ಸವೆದಿದೆ, ಮೊಣಕಾಲಿನ ಒಳಗಿನ ಕಟ್ಟುಗಳು ಗಟ್ಟಿ ಇವೆ ಅಂದರೆ ಆ ಬದಿಯನ್ನು ಮಾತ್ರ ಬದಲಿಸಬಹುದು. ಕೊಯ್ಯುವುದು ಕಡಿಮೆ, ಬೇಗ ಎದ್ದು ಓಡಾಡುತ್ತಾರೆ. ತನ್ನದೇ ಕಾಲು ಅನ್ನಿಸುವುದೂ ಇದರಲ್ಲಿ ಜಾಸ್ತಿ. ಆದರೆ ಆಗಲೇ ಹೇಳಿದ ಲ್ಯಾನ್ಸೆಟ್ ಲೆಕ್ಕದಲ್ಲಿ ಪೂರ್ತಿ ಮೊಣಕಾಲಿಗೆ 82 ಇದ್ದದ್ದು ಅರ್ಧ ಮೊಣಕಾಲಿಗೆ 25 ವರ್ಷದಲ್ಲಿ 70. ಅಂದರೆ ಮುಂದೆ ಒಂದು ದಿನ ಪೂರ್ತಿ ಬದಲಿಸುವ ಸಂದರ್ಭ ಬರಬಹುದು. ಇದನ್ನು ಮಾಡಿ ರೂಢಿ ಇರುವವರ ಹತ್ತಿರವೇ ಮಾಡಿಸಬೇಕು.

ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ಬ್ರಿಟನ್‌ನ ದಾಖಲೆಗಳಿಂದ 2017ರಲ್ಲಿ ಪ್ರಕಟವಾದ ಲೆಕ್ಕ ನೋಡಿ. 70 ದಾಟಿದ ಮೇಲೆ ಮೊಣಕಾಲು ಬದಲಿಸಿಕೊಂಡವರಲ್ಲಿ ಜೀವಮಾನದಲ್ಲಿ ಎರಡನೇ ಆಪರೇಷನ್ ಬೇಕಾಗುವುದು ನೂರಕ್ಕೆ 5ರ ಆಸುಪಾಸು. ಐವತ್ತರ ಮೊದಲ ವರ್ಷಗಳಲ್ಲಿ ಮಾಡಿಸಿಕೊಂಡ ಗಂಡಸರಲ್ಲಿ ಅದು 35ರವರೆಗೆ ಹೋಗುತ್ತದೆ. ಅವ್ವ 58. ಹಾಗಾಗಿ ಇನ್ನೂ ಸ್ವಲ್ಪ ಕಾಲ ತಡೆಯಲು ಆಗುತ್ತದಾ ನೋಡಿ. ತೊಡೆಯ ಮುಂಭಾಗದ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ಮೂರು ತಿಂಗಳು ನಿಯಮದಿಂದ ಮಾಡಿಸಿ. ರೊಟ್ಟಿ ಒಲೆಯನ್ನು ಕಟ್ಟೆಯ ಮೇಲೆ ಏರಿಸಿ, ನಿಂತು ಬಡಿಯಲಿ. ಎಕ್ಸ್‌ರೇ ನೋಡಿ ಆಪರೇಷನ್ ಮಾಡಬಾರದು, ನೋವು ನೋಡಿ ಮಾಡಬೇಕು.

ಪ್ರತಿಕ್ರಿಯೆ, ಆಳಂದದ ಸದಸ್ಯರಿಂದ:

ಬೇಜಾರಾಗಬೇಡಿ ಸರ್. ನಮ್ಮ ಮಾವ ಎರಡು ವರ್ಷದ ಹಿಂದೆ ಹೊಸ ಮಾಡೆಲ್ ಹಾಕಿಸಿಕೊಂಡರು. ಈಗ ಶರಣಬಸವೇಶ್ವರ ಜಾತ್ರೆಯಲ್ಲಿ ತೇರಿನ ಜೊತೆ ನಡೆದರು. ನೀವು ಹೊಸದನ್ನು ಸುಮ್ನೆ ತೆಗೆದುಹಾಕುತ್ತಿದ್ದೀರಿ ಅನ್ನಿಸಿತು.

ಡಾಕ್ಟರ್ ಉತ್ತರ:

ಬೇಜಾರೇನಿಲ್ಲ. ಮಾವನವರು ತೇರಿನ ಜೊತೆ ನಡೆದದ್ದು ಓದಿ ಸಂತೋಷ ಆಯಿತು. ಹೊಸದು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನಾನೂ ಹೊಸ ಸೈಜುಗಳನ್ನು, ಹೊಸ ಪ್ಲಾಸ್ಟಿಕ್ ಅನ್ನು ದಿನವೂ ಬಳಸುತ್ತೇನೆ. ಆದರೆ ಎರಡು ವರ್ಷದಲ್ಲಿ ಹಳೆಯದೂ ಹೊಸದೂ ಒಂದೇ ಥರ ಚೆನ್ನಾಗಿ ನಡೆಯುತ್ತವೆ. ವ್ಯತ್ಯಾಸ ಗೊತ್ತಾಗುವುದು ಹದಿನೈದು, ಇಪ್ಪತ್ತು ವರ್ಷಕ್ಕೆ. 1977ರ ಹೊತ್ತಿಗೆ ಪ್ಲಾಸ್ಟಿಕ್ ತಾನೇ ಅಲುಗಾಡುವ ಜಾಯಿಂಟ್ ಬಂತು. ಸವೆತ ಕಡಿಮೆ ಆಗುತ್ತದೆ ಎಂಬ ನಂಬಿಕೆ ಎಲ್ಲರಿಗೂ ಇತ್ತು. ದಶಕಗಳು ಕಳೆದ ಮೇಲೆ ಹೋಲಿಸಿದರೆ ಪ್ಲಾಸ್ಟಿಕ್ ಕದಲದ ಜಾಯಿಂಟೂ ಅಷ್ಟೇ ಬಾಳಿತ್ತು. 2006ರಲ್ಲಿ ಹೆಂಗಸರಿಗೇ ಬೇರೆ ಮೊಣಕಾಲು ಅಂತ ಬಂತು. ಅದರಲ್ಲೂ ಫಲಿತಾಂಶ ಸಾದಾದಷ್ಟೇ. ಕಾದು ನೋಡಿದ್ದರಿಂದಲೇ ಇದೆಲ್ಲ ತಿಳಿಯಿತು.

ಪ್ರಶ್ನೆ, ಯಾದಗಿರಿಯ ಸದಸ್ಯರಿಂದ:

ನಮ್ಮ ಕಾಕಾನಿಗೆ 17 ವರ್ಷದ ಹಿಂದೆ ಒಂದು ದೊಡ್ಡ ಊರಿನಲ್ಲಿ ಬಲ ಮೊಣಕಾಲು ಬದಲಿಸಿದ್ದರು. ಚೆನ್ನಾಗಿತ್ತು. ಮೂರು ತಿಂಗಳಿಂದ ಬಾವು, ನಡೆದರೆ ನೋವು. ಹಳೆ ಮಾಡೆಲ್, ಈಗ ಪಾರ್ಟ್ ಸಿಗುವುದಿಲ್ಲ, ಎಲ್ಲಾ ತೆಗೆದು ಹೊಸದು ಹಾಕಬೇಕು ಅಂತ ಯಾರೋ ಹೇಳಿದರು. ಮನೆಯಲ್ಲಿ ಇದ್ದ ಆ್ಯಂಟಿಬಯೋಟಿಕ್ ಕೊಡುತ್ತಿದ್ದೇವೆ.

ಡಾಕ್ಟರ್ ಉತ್ತರ:

ಬೇರೆ ಡಾಕ್ಟರ್ ಕೊಟ್ಟದ್ದಲ್ಲ, ನೀವೇ ಕೊಡುತ್ತಿದ್ದೀರಿ ಅಂದರೆ ಆ ಆ್ಯಂಟಿಬಯೋಟಿಕ್ ಇವತ್ತೇ ನಿಲ್ಲಿಸಿ, ಈ ವಾರವೇ ಎಲುಬಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಜ್ವರ, ಚಳಿ ಇದ್ದರೆ ಇವತ್ತೇ ಹೋಗಿ. ಎಷ್ಟೋ ವರ್ಷ ಚೆನ್ನಾಗಿದ್ದ ಜಾಯಿಂಟ್‌ನಲ್ಲಿ ಬಾವು ಬಂದರೆ ಮೊದಲು ಅನುಮಾನ ಪಡಬೇಕಾದ್ದು ಸೋಂಕನ್ನು. ಅದಕ್ಕೆ ರಕ್ತದಲ್ಲಿ ಇಎಸ್‌ಆರ್, ಸಿಆರ್‌ಪಿ ಎಂಬ, ಸೋಂಕಿನ ಸುಳಿವು ಕೊಡುವ ಪರೀಕ್ಷೆ ನೋಡುತ್ತಾರೆ. ಮೊಣಕಾಲಿನ ನೀರು ತೆಗೆದು ಕ್ರಿಮಿ ಬೆಳೆಯುತ್ತದಾ ಅಂತ ಪರೀಕ್ಷೆ ಮಾಡುತ್ತಾರೆ. ಅದಕ್ಕೆ ಮೊದಲು ಆ್ಯಂಟಿಬಯೋಟಿಕ್ ಕೊಟ್ಟರೆ ಕ್ರಿಮಿ ಅಡಗಿಕೊಳ್ಳುತ್ತದೆ, ಪರೀಕ್ಷೆ ದಾರಿ ತಪ್ಪುತ್ತದೆ.

ಸೋಂಕು ಇಲ್ಲ ಅಂದರೆ ಮುಂದಿನ ಪ್ರಶ್ನೆ ಪ್ಲಾಸ್ಟಿಕ್‌ನದ್ದು. 17 ವರ್ಷದಲ್ಲಿ ಅದು ಸವೆದಿರಬಹುದು. ಎಕ್ಸ್‌ರೇನಲ್ಲಿ ಪ್ಲಾಸ್ಟಿಕ್ ಕಾಣುವುದಿಲ್ಲ. ಮೇಲಿನ ಲೋಹಕ್ಕೂ ಕೆಳಗಿನ ಲೋಹಕ್ಕೂ ನಡುವಿನ ಜಾಗ ಕಿರಿದಾಗಿದ್ದರೆ ಸವೆದಿದೆ ಅಂತ ಅರ್ಥ. ಅದಕ್ಕೇ ನಿಂತು ತೆಗೆಸಿದ ಎಕ್ಸ್‌ರೇ ಬೇಕು. ಲೋಹ ಗಟ್ಟಿಯಾಗಿ ಕೂತಿದ್ದು ಪ್ಲಾಸ್ಟಿಕ್ ಮಾತ್ರ ಹೋಗಿದ್ದರೆ, ಆ ಮಾಡೆಲ್‌ನ ತುಂಡು ಸಿಕ್ಕಿದರೆ, ಅದೊಂದನ್ನೇ ಬದಲಿಸಬಹುದು. ದೊಡ್ಡ ಆಪರೇಷನ್ ತಪ್ಪುತ್ತದೆ. ಆದರೆ ಯಾವ ಕಂಪನಿ, ಯಾವ ಮಾಡೆಲ್, ಯಾವ ಸೈಜು ಅಂತ ಗೊತ್ತಾಗಬೇಕು. ಒಂದು ಕಂಪನಿಯ ಪ್ಲಾಸ್ಟಿಕ್ ಇನ್ನೊಂದರ ತಟ್ಟೆಗೆ ಕೂರುವುದಿಲ್ಲ. ಹಳೆಯ ಡಿಸ್ಚಾರ್ಜ್ ಫೈಲ್ ಹುಡುಕಿ. ಅದರಲ್ಲಿ ಆಪರೇಷನ್ ದಿನ ಅಂಟಿಸಿದ ಸಣ್ಣ ಸಣ್ಣ ಸ್ಟಿಕರ್‌ಗಳು ಇರುತ್ತವೆ. ಅವು ಬಹಳ ಬೆಲೆಯವು. ಆ ಮಾಡೆಲ್ ನಿಂತುಹೋಗಿದ್ದರೆ ಮಾತ್ರ, ಅಥವಾ ಲೋಹವೇ ಸಡಿಲ ಆಗಿದ್ದರೆ, ಪೂರ್ತಿ ತೆಗೆದು ರಿವಿಷನ್ ಜಾಯಿಂಟ್, ಅಂದರೆ ಎರಡನೇ ಸಲಕ್ಕೆ ಅಂತಲೇ ಮಾಡಿದ ಜಾಯಿಂಟ್ ಹಾಕಬೇಕಾಗುತ್ತದೆ. 2017ರ ಬೆಲೆ ಪಟ್ಟಿಯಲ್ಲಿ ಅದಕ್ಕೆ ಗರಿಷ್ಠ 1,13,950 ರೂಪಾಯಿ ಇತ್ತು.

ಇಲ್ಲಿ ಎಲ್ಲರಿಗೂ ಒಂದು ಮಾತು ಹೇಳಬೇಕು. ನಾನು ಕಲಿಯುವ ಕಾಲದಲ್ಲಿ ಜೇವರ್ಗಿ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು ಬಂದಿದ್ದರು. ಮೊಣಕಾಲು ಬದಲಿಸಿ ಹದಿನಾಲ್ಕು ವರ್ಷ. ನೋವು ಇರಲಿಲ್ಲ, ಹಾಗಾಗಿ ಒಮ್ಮೆಯೂ ತೋರಿಸಿರಲಿಲ್ಲ. ತೋರಿಸಿ ಅಂತ ಅವರಿಗೆ ಯಾರೂ ಹೇಳಿಯೂ ಇರಲಿಲ್ಲ. ಪ್ಲಾಸ್ಟಿಕ್ ಸವೆದು ಅದರ ಪುಡಿ ಸುತ್ತಲಿನ ಎಲುಬನ್ನು ತಿಂದುಹಾಕಿತ್ತು. ಎಲುಬು ಟೊಳ್ಳಾಗುವಾಗ ನೋಯುವುದಿಲ್ಲ. ಮೂರು ವರ್ಷ ಮೊದಲು ಬಂದಿದ್ದರೆ ಪ್ಲಾಸ್ಟಿಕ್ ತುಂಡು ಬದಲಿಸಿದರೆ ಸಾಕಿತ್ತು. ನಾವು ಉದ್ದ ಕಂಬಿ ಇರುವ ಜಾಯಿಂಟ್ ಹಾಕಿ ಐದು ತಾಸು ಆಪರೇಷನ್ ಮಾಡಬೇಕಾಯಿತು. ಆ ಎಕ್ಸ್‌ರೇ ಇವತ್ತಿಗೂ ನನ್ನ ಕಣ್ಣ ಮುಂದಿದೆ. ನೋವು ಇಲ್ಲದಿದ್ದರೂ ಎರಡು ಮೂರು ವರ್ಷಕ್ಕೊಮ್ಮೆ ಒಂದು ಎಕ್ಸ್‌ರೇ ತೆಗೆಸಿ ತೋರಿಸಿ. ಹತ್ತು ವರ್ಷ ದಾಟಿದವರಂತೂ ಬಿಡಲೇಬೇಡಿ.

ಮತ್ತೆ ಬೀದರ್‌ನ ಸದಸ್ಯರಿಂದ:

ಡಾಕ್ಟ್ರೇ, ನಿಮ್ಮ ಉತ್ತರ ಅಪ್ಪನಿಗೆ ಓದಿ ಹೇಳಿದೆ. ಬೆಳ್ಳಿ ತಂತಿಯ ಮಾತಿಗೆ ತುಂಬಾ ಹೊತ್ತು ಸುಮ್ಮನೆ ಕೂತರು. ಆಮೇಲೆ ಬೀದರ್‌ನಲ್ಲೇ ಮಾಡಿಸೋಣ ಅಂದರು. ಡಾಕ್ಟರನ್ನು ಕೇಳಿದೆವು, ಎಷ್ಟು ವರ್ಷದಿಂದ, ಎಷ್ಟು ಮಾಡುತ್ತೇನೆ ಅಂತ ಬಿಡಿಸಿ ಹೇಳಿದರು. ಅಪ್ಪನಿಗೆ ಸಕ್ಕರೆ ಇದೆ, ಮೂರು ತಿಂಗಳ ಸರಾಸರಿ (HbA1c) 9.2 ಬಂದಿದೆ. ಮನೆ ನೆಲ ಪೂರ್ತಿ ಶಹಾಬಾದ್ ಪರ್ಸಿ ಕಲ್ಲು. ಕೆಲಸಕ್ಕೆ ಯಾವಾಗ ಕೂರಬಹುದು ಅಂತ ಕೇಳುತ್ತಿದ್ದಾರೆ.

ಡಾಕ್ಟರ್ ಉತ್ತರ:

9.2 ಇದ್ದಾಗ ಆಪರೇಷನ್ ಬೇಡ. ಮೊದಲು ಅದನ್ನು 7.5ರ ಹತ್ತಿರ ತನ್ನಿ, ಎರಡು ಮೂರು ತಿಂಗಳು ಹಿಡಿದರೂ ಪರವಾಗಿಲ್ಲ. ಸಕ್ಕರೆ ಜಾಸ್ತಿ ಇದ್ದರೆ ಸೋಂಕಿನ ಭಯ ಜಾಸ್ತಿ, ಅದಕ್ಕೆ ಯಾವ ಮಾಡೆಲ್ಲೂ ಉತ್ತರ ಅಲ್ಲ. ಕೊಳೆತ ಹಲ್ಲು, ಕಾಲ್ಬೆರಳ ಸಂದಿನ ಹುಣ್ಣು ಇದ್ದರೆ ಅದನ್ನೂ ಈಗಲೇ ವಾಸಿ ಮಾಡಿಸಿ. ಒಂದು ಕಾಲು ಮೊದಲು ಆಗಲಿ, ಬಾಗಿದ ಬಲಗಾಲು. ಇನ್ನೊಂದು ಆಮೇಲೆ ನೋಡೋಣ.

ಈ ಎರಡು ಮೂರು ತಿಂಗಳಲ್ಲಿ ಮನೆ ಸಿದ್ಧ ಮಾಡಿ. ಪರ್ಸಿ ಒದ್ದೆಯಾದರೆ ಬಹಳ ಜಾರುತ್ತದೆ. ಬಚ್ಚಲಿನಲ್ಲಿ ಒರಟು ಚಾಪೆ ಹಾಕಿ, ಗೋಡೆಗೆ ಹಿಡಿಕೆ ಕೂರಿಸಿ. ಕಮೋಡ್ ಇಲ್ಲದಿದ್ದರೆ ಕಮೋಡ್ ಕುರ್ಚಿ ಆದರೂ ತನ್ನಿ.

ಕೆಲಸದ ಬಗ್ಗೆ ಅಪ್ಪನವರಿಗೆ ನೇರವಾಗಿ ಹೇಳಿಬಿಡಿ. ಮೊದಲಿನ ಹಾಗೆ ನೆಲದ ಮೇಲೆ ದಿನಕ್ಕೆ ಎಂಟು ತಾಸು ಕೂರುವುದು ಆಗುವುದಿಲ್ಲ. ಆದರೆ ಕೈ ಎಲ್ಲೂ ಹೋಗಿಲ್ಲ. ಸೊಂಟದ ಎತ್ತರಕ್ಕೆ ಗಟ್ಟಿಯಾದ ಒಂದು ಮೇಜು, ಬೆನ್ನು ಇರುವ ಒಂದು ಕುರ್ಚಿ ಈಗಲೇ ಮಾಡಿಸಿ. ಆಪರೇಷನ್‌ಗೆ ಮೊದಲೇ ಅದರ ಮೇಲೆ ಕೂತು ಕೆತ್ತುವುದು ರೂಢಿ ಮಾಡಿಕೊಳ್ಳಲಿ. ಆರರಿಂದ ಎಂಟು ವಾರಕ್ಕೆ ಅಲ್ಲಿ ಸ್ವಲ್ಪ ಸ್ವಲ್ಪ ಹೊತ್ತು ಕೂತು ಶುರು ಮಾಡಬಹುದು. ಮೇಜಿನ ಅಳತೆಗೆ ಕಷ್ಟ ಆದರೆ ಅವರು ಕೂತಿರುವ ಒಂದು ಫೋಟೋ ಇಲ್ಲಿ ಹಾಕಿ, ಎಷ್ಟು ಎತ್ತರ ಬೇಕು ಅಂತ ನೋಡಿ ಹೇಳುತ್ತೇನೆ.